ಸೈಕಲ್ ತುಳಿಯುವವರ ಉಸಿರಿನಿಂದ ಇಂಗಾಲ ಜಾಸ್ತಿ ಆಗಲ್ವಾ?

"ಸರ್, ಹೆಬ್ಬಾಳ ಫ್ಲೈಓವರ್ ಏರುವಾಗ ಏದುಸಿರು ಬಿಡ್ತೀರಲ್ಲ, ಅದರಲ್ಲೂ ಇಂಗಾಲದ ಡೈಆಕ್ಸೈಡ್ ಇರುತ್ತೆ. ಮತ್ತೆ ಸ್ಕೂಟರ್‌ಗಿಂತ ಸೈಕಲ್ ಹೇಗೆ ಮೇಲು?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಉಸಿರಲ್ಲಿ ಅದು ಇದೆ, ನಿಜ. ದಿನಕ್ಕೆ ಒಬ್ಬೊಬ್ಬರೂ ಸುಮಾರು 1 ಕೆ.ಜಿ. ಹೊರಬಿಡುತ್ತೇವೆ. ಪೆಡಲ್ ತುಳಿದರೆ ಇನ್ನಷ್ಟು. ಆದರೆ ಆ ಇಂಗಾಲ ಬಂದದ್ದು ಎಲ್ಲಿಂದ? ರಾತ್ರಿ ಉಂಡ ಮುದ್ದೆಯಿಂದ. ಮುದ್ದೆಯ ರಾಗಿಗೆ ಎಲ್ಲಿಂದ ಬಂತು? ಹೋದ ಮಳೆಗಾಲದಲ್ಲಿ ಮಾಗಡಿ ಕಡೆಯ ಹೊಲದಲ್ಲಿ ಪೈರು ಅದನ್ನು ಗಾಳಿಯಿಂದಲೇ ಹೀರಿಕೊಂಡಿತ್ತು. ಗಾಳಿಯಿಂದ ಪಡೆದದ್ದು ಗಾಳಿಗೇ ವಾಪಸ್. ಮುಂದಿನ ಬೆಳೆ ಮತ್ತೆ ಹೀರಿಕೊಳ್ಳುತ್ತದೆ.

ಪೆಟ್ರೋಲ್ ಹಾಗಲ್ಲ. ಅದರ ಇಂಗಾಲ ಕೋಟಿಗಟ್ಟಲೆ ವರ್ಷ ನೆಲದಡಿ ಹೂತಿದ್ದದ್ದು. 1 ಲೀಟರ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊಸದಾಗಿ ಗಾಳಿಗೆ ಸೇರುತ್ತದೆ. "ಪೆಟ್ರೋಲೇ ಮುಕ್ಕಾಲು ಕೆ.ಜಿ. ತೂಗುತ್ತೆ, ಎರಡು ಕೆ.ಜಿ. ಹೇಗಾಯ್ತು?" ಎಂದು ಒಬ್ಬ ಹುಡುಗಿ ಕೇಳಿದ್ದಳು. ನನಗೆ ತುಂಬಾ ಖುಷಿಯಾಯಿತು. ಉರಿಯುವಾಗ ಇಂಗಾಲದ ಜೊತೆ ಗಾಳಿಯ ಆಮ್ಲಜನಕ ಸೇರುತ್ತದೆ, ತೂಕದ ಬಹುಪಾಲು ಅದರದ್ದೇ. ಕಲ್ಲಿದ್ದಲು, ತೈಲ ಉರಿಸುವ ಕಾಲಕ್ಕೆ ಮೊದಲು ಗಾಳಿಯ 10 ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ 280ರಷ್ಟಿತ್ತು. ಈಗ 420 ದಾಟಿದೆ. ಮನುಷ್ಯರು ಅದಕ್ಕೆ ಮುಂಚೆಯೂ ಉಸಿರಾಡುತ್ತಲೇ ಇದ್ದರು, ಅಲ್ವಾ?

ರಾಗಿಗೆ ಹಾಕುವ ಗೊಬ್ಬರ, ಚೀಲ ತರುವ ಲಾರಿಯ ಡೀಸೆಲ್ ಲೆಕ್ಕಕ್ಕೆ ಬರಲೇಬೇಕು. ಆದರೆ ಆ ತಪ್ಪು ಡೀಸೆಲ್‌ನದು, ಉಸಿರಿನದಲ್ಲ.

ಈ ಪ್ರಶ್ನೆಯ ಹಿಂದೆ ಇನ್ನೊಂದು ಮಾತು ಅಡಗಿದೆ ಅನಿಸುತ್ತದೆ: ಮನುಷ್ಯ ಇರುವುದೇ ಭೂಮಿಗೆ ಭಾರ ಅಂತ. ಅದನ್ನು ನಾನು ಒಪ್ಪಲ್ಲ. ನಮ್ಮೂರಿಗೆ ದೊಡ್ಡ ನದಿಯಿಲ್ಲ. ಇಲ್ಲಿನ ಕೆರೆಗಳು ಹೆಚ್ಚುಕಡಿಮೆ ಎಲ್ಲವೂ ಜನ ಏರಿ ಕಟ್ಟಿ ಮಾಡಿದವು. ಒಂದು ತುಂಬಿದರೆ ನೀರು ಕಾಲುವೆಯಲ್ಲಿ ಹರಿದು ಇನ್ನೊಂದಕ್ಕೆ ಹೋಗುತ್ತಿತ್ತು. ಧರ್ಮಾಂಬುಧಿ ಕೆರೆಯನ್ನು ಮೆಜೆಸ್ಟಿಕ್ ಬಸ್ ನಿಲ್ದಾಣ ಮಾಡಿದವರೂ ನಾವೇ. ಜಕ್ಕೂರಿನಲ್ಲಿ ಕೊಳಚೆ ನೀರನ್ನು ಶುದ್ಧ ಮಾಡಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಿರುವವರೂ ನಾವೇ.

ಡಿಸೆಂಬರ್ ಬೆಳಿಗ್ಗೆ ಅಲ್ಲಿನ ಏರಿಯ ಮೇಲೆ ಸೈಕಲ್ ನಿಲ್ಲಿಸಿ ನೋಡಿ. ನಿಮ್ಮ ಬಾಯಿಂದ ಹಬೆ ಬರುತ್ತದೆ. ಅದು ನೀರಿನ ಹಬೆ, ಹೆದರಬೇಡಿ. ಎದುರಿಗೆ ಹೆಜ್ಜಾರ್ಲೆಗಳು ಕೊಕ್ಕಿನ ಚೀಲ ಅದ್ದಿ ಮೀನು ಮೊಗೆಯುತ್ತಿರುತ್ತವೆ.