ಚಿನ್ನಕ್ಕಿಂತ ಚಿನ್ನದ ನಡುವಿನ ಸಂದಿ ಮುಖ್ಯ

1928ರಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಗುರುತಿಸಿದ ಬೆಳಕಿನ ಚದುರುವಿಕೆ, ಎದುರಿಗಿರುವ ಅಣು ಯಾವುದೆಂದು ಹೇಳಬಲ್ಲದು. ಆದರೆ ಆ ಸಂಕೇತ ಬಲು ಕ್ಷೀಣ: ಕೋಟಿ ಫೋಟಾನ್‌ಗಳಲ್ಲಿ ಒಂದರ ಆಸುಪಾಸು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ, ಒರಟಾಗಿಸಿದ ಬೆಳ್ಳಿಯ ಮೇಲಿನ ಪಿರಿಡೀನ್ ಅಣುಗಳಿಂದ ಅದೇ ಸಂಕೇತ ಅಚ್ಚರಿಯಾಗುವಷ್ಟು ಬಲವಾಗಿ ಸಿಕ್ಕಿತು. ಲೋಹದ ಎರಡು ಕಣಗಳು ಒಂದೆರಡು ನ್ಯಾನೊಮೀಟರ್ ಅಂತರಕ್ಕೆ ಬಂದರೆ ನಡುವಿನ ಸಂದಿಯಲ್ಲಿ ಬೆಳಕಿನ ವಿದ್ಯುತ್ ಕ್ಷೇತ್ರ ಉಬ್ಬುತ್ತದೆ. ಕ್ಷೇತ್ರ ಹತ್ತು ಪಟ್ಟಾದರೆ ರಾಮನ್ ಸಂಕೇತ ಸುಮಾರು ಹತ್ತು ಸಾವಿರ ಪಟ್ಟು! ಚಿನ್ನದ ನ್ಯಾನೊ ಕಣಗಳನ್ನು ಗಾಜಿನ ಮೇಲೆ ಪದರ ಪದರವಾಗಿ ಕೂರಿಸುವುದು ಇಂಥ ಸಂದಿಗಳಿಗಾಗಿಯೇ.

ಕಣಗಳ ತಯಾರಿಕೆ ಸರಳ. ಚಿನ್ನದ ಸಂಯುಕ್ತವಾದ ಕ್ಲೋರೋಆರಿಕ್ ಆಮ್ಲದ ಶೇ. 0.01ರ 100 ಮಿ.ಲೀ. ದ್ರಾವಣವನ್ನು ಕುದಿಸಿ, ಜೋರಾಗಿ ಕಲಕುತ್ತಲೇ ಶೇ. 1ರ ಸೋಡಿಯಂ ಸಿಟ್ರೇಟ್ ಅನ್ನು ಒಂದೇ ಸಲ ಸುರಿಯಬೇಕು. ತೆಳು ಹಳದಿ ಮಾಯವಾಗಿ, ಕಪ್ಪುನೀಲಿಗೆ ತಿರುಗಿ, ಕೆಲವೇ ನಿಮಿಷಗಳಲ್ಲಿ ಮಾಣಿಕ್ಯದ ಕೆಂಪು ನಿಲ್ಲುತ್ತದೆ. 2 ಮಿ.ಲೀ. ಹಾಕಿದರೆ ಕಣಗಳು ಸುಮಾರು 16 ನ್ಯಾನೊಮೀಟರ್, 1 ಮಿ.ಲೀ. ಆದರೆ ಸುಮಾರು 40. ಈ ಕೆಲಸಕ್ಕೆ ದೊಡ್ಡವೇ ಒಳ್ಳೆಯವು. ಫ್ಲಾಸ್ಕನ್ನು ಮೊದಲು ಚಿನ್ನವನ್ನೂ ಕರಗಿಸುವ ಆಮ್ಲ ಮಿಶ್ರಣವಾದ ಅಕ್ವಾ ರೀಜಿಯಾದಲ್ಲಿ ತೊಳೆದಿರಬೇಕು. ಹಳೆಯ ಚಿನ್ನದ ಚೂರು ಉಳಿದಿದ್ದರೆ ಕಣಗಳು ಅದರ ಮೇಲೇ ಅಡ್ಡಾದಿಡ್ಡಿ ಬೆಳೆಯುತ್ತವೆ.

ಗಾಜಿನ ಸ್ಲೈಡಿಗೆ ಅಮೀನೋಸಿಲೇನ್ ಲೇಪಿಸಿದರೆ ಧನ ಆವೇಶ ಬರುತ್ತದೆ. ಸಿಟ್ರೇಟ್ ಹೊದ್ದ ಋಣ ಆವೇಶದ ಕಣಗಳು ಅಲ್ಲಿ ಅಂಟುತ್ತವೆ. ಇಡೀ ರಾತ್ರಿ ಮುಳುಗಿಸಿಟ್ಟರೂ ಮೊದಲ ಪದರ ವಿರಳವೇ, ಏಕೆಂದರೆ ಕಣಗಳು ಒಂದನ್ನೊಂದು ದೂಡುತ್ತವೆ. ಸ್ಲೈಡ್ ಬರೀ ಗುಲಾಬಿ. ನಂತರ ಧನ ಆವೇಶದ ಪಾಲಿಮರ್, ತೊಳೆತ, ಮತ್ತೆ ಚಿನ್ನ. ಎರಡು ಮೂರು ಪದರಗಳಲ್ಲಿ ಗುಲಾಬಿ ಕಂದಿ ನೇರಳೆಯಾಗಿ, ನೀಲಿಯತ್ತ ಸರಿಯುತ್ತದೆ. ಸಂದಿಗಳು ಕಿರಿದಾದವು ಎನ್ನಲು ಇದೇ ಗುರುತು: 520 ನ್ಯಾನೊಮೀಟರ್ ಬಳಿಯ ಹೀರಿಕೆಯ ಜೊತೆಗೆ 600–700ರ ಕಡೆ ಹೊಸದೊಂದು ಏರುತ್ತದೆ. 633 ಅಥವಾ 785ರ ಲೇಸರ್ ಬಳಸುವುದು ಇದಕ್ಕಾಗಿಯೇ.

ಕೆಡುವುದು ಹೆಚ್ಚಾಗಿ ತೊಳೆಯುವಲ್ಲಿ. ಪಾಲಿಮರ್ ಉಳಿದರೆ ಮುಂದಿನ ಚಿನ್ನದ ದ್ರಾವಣವೇ ಗಂಟುಕಟ್ಟುತ್ತದೆ. ಪಾಲಿಮರ್ ದಪ್ಪವಾದರೆ ಸಂದಿ ಅಗಲವಾಗಿ ಸಂಕೇತ ಕುಸಿಯುತ್ತದೆ. ಅದರದೇ ರಾಮನ್ ಗೆರೆಗಳೂ ನುಸುಳುತ್ತವೆ, ಹಾಗಾಗಿ ಪರೀಕ್ಷಿಸುವ ಅಣು ಹಾಕದ ಖಾಲಿ ಸ್ಲೈಡಿನ ರೋಹಿತ ಕಡ್ಡಾಯ. ಲೇಸರ್ ಜೋರಾದರೆ ಅಣು ಸುಟ್ಟು, 1350 ಮತ್ತು 1580 cm⁻¹ (ರಾಮನ್ ಗೆರೆಗಳ ಸ್ಥಾನ ಹೇಳುವ ಮಾನ) ಸುತ್ತ ಇಂಗಾಲದ ಎರಡು ಅಗಲ ದಿಬ್ಬಗಳು ಏಳುತ್ತವೆ. ಪದರಗಳನ್ನು ಏರಿಸುತ್ತಲೇ ಹೋಗುವುದೂ ವ್ಯರ್ಥ: ಒಂದು ಹಂತದ ನಂತರ ಬೆಳಕೂ ಅಣುಗಳೂ ಕೆಳಗಿನ ಪದರ ಮುಟ್ಟುವುದಿಲ್ಲ. ಒಂದೇ ಚುಕ್ಕೆಯ ಅಮೋಘ ಫಲಿತಾಂಶವನ್ನು ನಂಬಬಾರದು, ಸ್ಲೈಡಿನ ಹತ್ತಾರು ಕಡೆ ಅಳೆಯಲೇಬೇಕು.

ಥೈರಾಮ್‌ನಂಥ ಶಿಲೀಂಧ್ರನಾಶಕ ಗಂಧಕದ ಮೂಲಕ ಚಿನ್ನಕ್ಕೆ ಕಚ್ಚಿಕೊಂಡು, 1380 cm⁻¹ ಬಳಿ ಚೂಪಾದ ಗೆರೆ ಕೊಡುತ್ತದೆ. ಗ್ಲೂಕೋಸ್ ಹಾಗೆ ಅಂಟುವುದಿಲ್ಲ. ಅದನ್ನು ಚಿನ್ನದ ಹತ್ತಿರ ಹಿಡಿದಿಡಲು ಬೇರೊಂದು ಅಣುವಿನ ಲೇಪ ಬೇಕು.