ಎಡವುವ ಪತ್ತೇದಾರ, ಮುಂದೋಡುವ ಮಿದುಳು

1965ರ ಡಿಸೆಂಬರಿನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದ ‘ದಿ ಇನ್‌ಸ್ಪೆಕ್ಟರ್’ ಕಾರ್ಟೂನ್ ಸರಣಿಯ ನಾಯಕ ಫ್ರಾನ್ಸಿನ ಪೊಲೀಸ್ ಪತ್ತೇದಾರ. ನಟ ಪೀಟರ್ ಸೆಲ್ಲರ್ಸ್ ‘ದಿ ಪಿಂಕ್ ಪ್ಯಾಂಥರ್’ ಹಾಸ್ಯಚಿತ್ರದಲ್ಲಿ ತೆರೆಯ ಮೇಲೆ ತಂದಿದ್ದ ಇನ್‌ಸ್ಪೆಕ್ಟರ್ ಕ್ಲೂಸೋನ ನೆರಳಿನಲ್ಲಿ ಹುಟ್ಟಿದ ಈತನಿಗೆ ಸ್ವಂತದ್ದೊಂದು ಹೆಸರೂ ಇಲ್ಲ. ಇರುವುದೆಲ್ಲ ಎಷ್ಟು ಪೆಟ್ಟು ತಿಂದರೂ ಕುಂದದ ಆತ್ಮವಿಶ್ವಾಸ, ಡೂಡೂ ಎಂಬ ಸ್ಪೇನ್ ಮೂಲದ ಸಾರ್ಜೆಂಟ್ ಮತ್ತು ಸದಾ ಸಿಡಿಮಿಡಿಗೊಳ್ಳುವ ಒಬ್ಬ ಕಮಿಷನರ್. ಫ್ರಿಜ್ ಫ್ರೆಲೆಂಗ್ ಮತ್ತು ಡೇವಿಡ್ ಡಿಪಾಟಿ ಕಟ್ಟಿದ ಸಂಸ್ಥೆಯು 1969ರವರೆಗೆ ಇಂತಹ 34 ಕಿರುಚಿತ್ರಗಳನ್ನು ತಯಾರಿಸಿತು.

ಪರಿಣಾಮವನ್ನು ನೋಡಿ ಕಾರಣವನ್ನು ಹುಡುಕುವುದೇ ಪತ್ತೇದಾರನ ಕಸುಬು. ಈ ಇನ್‌ಸ್ಪೆಕ್ಟರ್ ಆ ಕೆಲಸದಲ್ಲಿ ಪದೇ ಪದೇ ಬೇಸ್ತು ಬೀಳುತ್ತಾನೆ; ಆದರೆ ಅದೇ ಕೆಲಸವನ್ನು ನೋಡುಗನ ಮಿದುಳು ಅವನಿಗಿಂತ ಮೊದಲೇ, ಯಾವ ಶ್ರಮವೂ ಇಲ್ಲದೆ ಮುಗಿಸಿಬಿಟ್ಟಿರುತ್ತದೆ. ನನ್ನ ದೃಷ್ಟಿಯಲ್ಲಿ ಈ ಹಾಸ್ಯದ ಮೂಲ ಇರುವುದು ಇಲ್ಲಿಯೇ.

ಬೆಲ್ಜಿಯಂನ ಮನೋವಿಜ್ಞಾನಿ ಆಲ್ಬರ್ಟ್ ಮಿಶೋಟ್ 1946ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವೇಗವನ್ನು ಚೆನ್ನಾಗಿ ತೋರಿಸುತ್ತವೆ. ಒಂದು ಚೌಕ ಸರಿದು ಬಂದು ಇನ್ನೊಂದನ್ನು ಮುಟ್ಟಿದೊಡನೆ ಆ ಎರಡನೆಯದು ಚಲಿಸಿದರೆ, ಮೊದಲನೆಯದೇ ಅದನ್ನು ತಳ್ಳಿತೆಂದು ನಾವು ತರ್ಕಿಸುವುದಿಲ್ಲ, ಕಣ್ಣಾರೆ ಕಂಡಂತೆ ಅನುಭವಿಸುತ್ತೇವೆ. ಮುಟ್ಟುವುದಕ್ಕೂ ಚಲಿಸುವುದಕ್ಕೂ ನಡುವೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಬಿಡುವು ಬಿದ್ದರೆ ಸಾಕು, ಆ ಅನಿಸಿಕೆ ಕರಗಿ, ಸಂಬಂಧವಿಲ್ಲದ ಎರಡು ಚಲನೆಗಳು ಮಾತ್ರ ಉಳಿಯುತ್ತವೆ. ಸೆಕೆಂಡಿಗೆ 24 ಚೌಕಟ್ಟುಗಳು (ಫ್ರೇಮ್‌ಗಳು) ಓಡುವ ಚಲನಚಿತ್ರದಲ್ಲಿ ಇದು ಸುಮಾರು ಐದು ಚೌಕಟ್ಟುಗಳ ಲೆಕ್ಕ. ಸುತ್ತಿಗೆ ಬಿದ್ದ ಕೂಡಲೇ ತಲೆಯ ಮೇಲೆ ಬುಗುಟು ಏಳಬೇಕು. ಹತ್ತು ಚೌಕಟ್ಟು ತಡವಾಗಿ ಎದ್ದರೆ ಪೆಟ್ಟು ಪೆಟ್ಟಾಗಿ ಉಳಿಯುವುದಿಲ್ಲ. ಹಾಗೆಂದು ತಡವೆಲ್ಲವೂ ತಪ್ಪಲ್ಲ. ಬತ್ತಿ ಉರಿಯುತ್ತಿರುವ ಬಾಂಬು ಕೈಯಲ್ಲಿರುವಾಗ ಇನ್‌ಸ್ಪೆಕ್ಟರ್ ಸ್ವಲ್ಪ ಹೊತ್ತು ಸುಮ್ಮನೆ ನಮ್ಮತ್ತ ನೋಡುತ್ತಾನೆ ಎಂದುಕೊಳ್ಳಿ: ಇಲ್ಲಿ ಕಾರಣ ಎದುರಿಗಿದೆ, ಪರಿಣಾಮ ಇನ್ನೂ ಬಂದಿಲ್ಲ, ಮಿದುಳು ಆಗಲೇ ಸ್ಫೋಟವನ್ನು ಊಹಿಸಿಕೊಂಡು ಕಾಯುತ್ತಿದೆ. ಈ ಕಾಯುವಿಕೆಯ ಅಳತೆಯಲ್ಲಿ ಫ್ರೆಲೆಂಗ್ ಪಳಗಿದ ಕೈ. ಸಂಗೀತ ಬಲ್ಲ ಆತ ತನ್ನ ಕಾರ್ಟೂನುಗಳ ಚಲನೆಯನ್ನು ಸಂಗೀತದ ಲಿಪಿ ಬರೆಯುವ ಹಾಳೆಗಳ ಮೇಲೆಯೇ ಗುರುತಿಸುತ್ತಿದ್ದ. ಎಡವುವುದೂ ಬೀಳುವುದೂ ತಾಳಕ್ಕೆ ಕೂಡಿಬರುವುದು ಆಕಸ್ಮಿಕವಲ್ಲ.

ಆ ಕಾಲಕ್ಕೆ ಇಂತಹ ಕಿರುಚಿತ್ರಗಳಿಗೆ ಹಣ ಕಡಿಮೆಯಿತ್ತು, ಆದ್ದರಿಂದ ಚಲನೆಗಾಗಿ ಬಿಡಿಸುವ ರೇಖಾಚಿತ್ರಗಳ ಸಂಖ್ಯೆಯೂ ಕಡಿಮೆ; ಎಷ್ಟೋ ಕಡೆ ದೇಹ ನಿಶ್ಚಲವಾಗಿದ್ದು ಬಾಯಿ ಮಾತ್ರ ಅಲುಗುತ್ತದೆ. ಆದರೂ ಪಾತ್ರ ಜೀವಂತವಾಗಿಯೇ ಕಾಣುತ್ತದೆ. ಮನೋವಿಜ್ಞಾನಿಗಳಾದ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ ಸಿಮ್ಮೆಲ್ 1944ರಲ್ಲಿ ಎರಡು ತ್ರಿಕೋನಗಳು ಮತ್ತು ಒಂದು ವೃತ್ತ ಓಡಾಡುವ ಚಿತ್ರವನ್ನು 34 ಮಂದಿಗೆ ತೋರಿಸಿ ಕಂಡದ್ದನ್ನು ವಿವರಿಸಲು ಹೇಳಿದಾಗ, ಒಬ್ಬರ ಹೊರತು ಉಳಿದವರೆಲ್ಲ ಆ ಆಕೃತಿಗಳನ್ನು ಜೀವವಿರುವವುಗಳಂತೆಯೇ ವರ್ಣಿಸಿದ್ದರು. ತ್ರಿಕೋನಕ್ಕೇ ಉದ್ದೇಶವನ್ನು ಅಂಟಿಸುವ ಮನಸ್ಸಿಗೆ ಮೀಸೆ ಹೊತ್ತ ಇನ್‌ಸ್ಪೆಕ್ಟರ್ ಧಾರಾಳವಾಗಿ ಸಾಕು.

ಇನ್ನೊಂದು ಸಾಮರ್ಥ್ಯವೂ ಬೇಕು. ಕಳ್ಳ ಬೆನ್ನ ಹಿಂದೆಯೇ ನಿಂತಿದ್ದಾನೆಂದು ನಮಗೆ ಗೊತ್ತು, ಇನ್‌ಸ್ಪೆಕ್ಟರಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲವೆಂಬುದೂ ನಮಗೆ ಗೊತ್ತು. ಮನೋವಿಜ್ಞಾನಿಗಳಾದ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ 1983ರಲ್ಲಿ ತೋರಿಸಿಕೊಟ್ಟಂತೆ, ಇನ್ನೊಬ್ಬರು ತಪ್ಪು ತಿಳಿದಿರಬಹುದೆಂಬ ಲೆಕ್ಕಾಚಾರ ಮಕ್ಕಳಲ್ಲಿ ಬಹುಮಟ್ಟಿಗೆ ನಾಲ್ಕು ವರ್ಷದ ಆಸುಪಾಸಿನಿಂದ ನೆಲೆಗೊಳ್ಳುತ್ತದೆ. ಆ ವಯಸ್ಸು ದಾಟಿದ ಮಗು “ಹಿಂದೆ ನೋಡು!” ಎಂದು ಟಿವಿಗೆ ಕೂಗುವಾಗ, ಹೊಸದಾಗಿ ಕೈವಶವಾದ ಆ ಲೆಕ್ಕಾಚಾರವನ್ನೇ ಅದು ಸಂಭ್ರಮದಿಂದ ಬಳಸುತ್ತಿರುತ್ತದೆ.

ಪೆಟ್ಟು ನೋಡಿ ಮರುಕ ಹುಟ್ಟದಿರುವುದೇಕೆ ಎಂಬ ಪ್ರಶ್ನೆಗೆ ಅರಿಸ್ಟಾಟಲನ ಉತ್ತರ ಈಗಲೂ ಸಲ್ಲುತ್ತದೆ: ನೋವನ್ನಾಗಲಿ ನಾಶವನ್ನಾಗಲಿ ತಾರದ ದೋಷವೇ ಹಾಸ್ಯಾಸ್ಪದ. ಬಾಂಬಿಗೆ ಸಿಕ್ಕ ಮುಖ ಮಸಿಯಾಗುತ್ತದೆ, ಮುಂದಿನ ದೃಶ್ಯದಲ್ಲಿ ತೊಳೆದಿಟ್ಟಂತಿರುತ್ತದೆ. ಆದರೆ ಬೇರೆಯವರ ಕುಂದನ್ನು ಕಂಡು ನಮ್ಮ ಹಿರಿಮೆ ಥಟ್ಟನೆ ಮನದಟ್ಟಾಗುವುದರಿಂದಲೇ ನಗು ಬರುತ್ತದೆಂಬ ಇಂಗ್ಲಿಷ್ ತತ್ತ್ವಜ್ಞಾನಿ ಹಾಬ್ಸ್‌ನ 17ನೇ ಶತಮಾನದ ವಾದ ಇಲ್ಲಿ ಪೂರ್ತಿ ಹೊಂದುವುದಿಲ್ಲ. ನಾವು ಇನ್‌ಸ್ಪೆಕ್ಟರನನ್ನು ಕೀಳಾಗಿ ಕಾಣುವುದಿಲ್ಲ, ಅವನು ಗೆಲ್ಲಲಿ ಎಂದೇ ಬಯಸುತ್ತೇವೆ. ಆ ವಾದಕ್ಕೆ ತಕ್ಕ ಗಿರಾಕಿ ಕಮಿಷನರ್: ತನ್ನನ್ನು ಕಾಯಲೆಂದು ನೇಮಿಸಿದ ಇನ್‌ಸ್ಪೆಕ್ಟರನ ಎಡವಟ್ಟಿನಿಂದಲೇ ಒಂದಾದ ಮೇಲೊಂದು ಸ್ಫೋಟಕ್ಕೆ ಸಿಕ್ಕಿ ಬ್ಯಾಂಡೇಜು ಸುತ್ತಿಕೊಳ್ಳುವ ಆ ಮೇಲಧಿಕಾರಿಯ ಗತಿಗೆ ನಗುವಾಗ, ಕಚೇರಿಯಲ್ಲಿ ಬೈಸಿಕೊಂಡ ಯಾರಿಗೇ ಆಗಲಿ ಹಾಬ್ಸ್ ಹೇಳಿದ್ದು ಅಷ್ಟಿಷ್ಟು ನಿಜವೆನಿಸುತ್ತದೆ.