ಮೊಬೈಲ್ ಬಂತು, ಭಾಗಾಕಾರ ಬರಲಿಲ್ಲ

ಕೊರೊನಾ ಕಾಲದಲ್ಲಿ, 2020ರ ಜೂನ್ 1ರಂದು ಕೇರಳದಲ್ಲಿ ಶಾಲೆಯ ಬಾಗಿಲು ತೆರೆಯದೆಯೇ ಪಾಠಗಳು ಆರಂಭವಾದವು. ಕೇರಳ ಸರ್ಕಾರದ ಶಿಕ್ಷಣ ವಾಹಿನಿಯಾದ ಕೈಟ್ ವಿಕ್ಟರ್ಸ್‌ನ ‘ಫಸ್ಟ್ ಬೆಲ್’ ತರಗತಿಗಳಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಪ್ರತ್ಯೇಕ ಪಾಠಗಳನ್ನು ತಯಾರಿಸಬೇಕಾಗಿತ್ತು. ಆ ಪಾಠವನ್ನು ಮೊಬೈಲಿನಲ್ಲಿ ನೋಡಲು ಮಕ್ಕಳು ಮೊದಲು ರೇಂಜ್ ಹುಡುಕಬೇಕಾಗಿತ್ತು. ಎಣ್ಮಕಜೆ, ಬದಿಯಡ್ಕದ ಕಡೆ ಅಡಿಕೆ ತೋಟವೂ ಮನೆಯೂ ತಗ್ಗಿನಲ್ಲಿರುವುದು ವಾಡಿಕೆ. ವೀಡಿಯೊ ಓಡುವಷ್ಟು ಬಲದ ಮೊಬೈಲಿನ ಅಲೆಗಳು ಗುಡ್ಡವನ್ನು ಬಳಸಿ ಅಲ್ಲಿಗೆ ಇಳಿಯುವುದು ಕಷ್ಟ. ನಮ್ಮ ನೆರೆಮನೆಯ ಆರನೇ ತರಗತಿಯ ಹುಡುಗಿ ಗುಡ್ಡದ ನೆತ್ತಿಯ ಗೇರುಮರದ ಬುಡದಲ್ಲಿ ಕೊಡೆ ಹಿಡಿದು ಕುಳಿತು ಪಾಠ ನೋಡುತ್ತಿದ್ದಳು. ಒಂದು ದಿನ ಇಣುಕಿ ನೋಡಿದೆ. ಪರದೆಯ ಮೇಲೆ ಭಿನ್ನರಾಶಿ ಓಡುತ್ತಿತ್ತು. ಅವಳ ಪುಸ್ತಕದಲ್ಲಿ 84ನ್ನು 7ರಿಂದ ಭಾಗಿಸಲು ಹೋಗಿ ಮೂರು ಬಾರಿ ಅಳಿಸಿದ ಗುರುತಿತ್ತು.

ಅಲ್ಲಿಯವರೆಗೆ ನಾನೂ ರೇಂಜೇ ತೊಂದರೆಯ ಮೂಲವೆಂದು ತಿಳಿದಿದ್ದೆ. ಪೆರು ದೇಶದ ಅನುಭವ ಬೇರೆಯದನ್ನು ಹೇಳುತ್ತದೆ. ಅಲ್ಲಿನ ಮುನ್ನೂರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಲ್ಲಿ, ಮಗುವಿಗೊಂದು ಲ್ಯಾಪ್‌ಟಾಪ್ ಕೊಡುವ ಯೋಜನೆಯ ಫಲವನ್ನು ಅಳೆದ 2012ರ ಅಧ್ಯಯನದಲ್ಲಿ, ಕಂಪ್ಯೂಟರುಗಳ ಸಂಖ್ಯೆ ಏರಿತ್ತು, ಮಕ್ಕಳು ಅವನ್ನು ಬಳಸುತ್ತಲೂ ಇದ್ದರು, ಆದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಸುಧಾರಿಸಿರಲಿಲ್ಲ.

ದೆಹಲಿಯಲ್ಲಿ 2015ರಲ್ಲಿ 619 ಮಕ್ಕಳೊಂದಿಗೆ ನಡೆದ ಇನ್ನೊಂದು ಪ್ರಯೋಗ ಇದರ ಕಾರಣವನ್ನು ಸ್ವಲ್ಪ ಬಿಡಿಸಿ ತೋರಿಸಿತು. ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಗಳಷ್ಟು ಹಿಂದಿದ್ದರು. ಶಿಕ್ಷಕರು ಮಾತ್ರ ಪಠ್ಯಪುಸ್ತಕದ ಪುಟಕ್ಕೆ ಕಟ್ಟುಬಿದ್ದು ಮುಂದೆ ಸಾಗಬೇಕಾಗಿತ್ತು. ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶ ಮೊದಲು ಪರೀಕ್ಷಿಸಿ, ಮಗು ನಿಜವಾಗಿ ನಿಂತಿರುವ ಮೆಟ್ಟಿಲಿನಿಂದಲೇ ಪ್ರಶ್ನೆ ಕೇಳುತ್ತಿತ್ತು. 3.27 ಎಂಬುದು 3.3ಕ್ಕಿಂತ ದೊಡ್ಡದು ಎನ್ನುವ ಮಗು ಹುಡುಗಾಟಕ್ಕೆ ತಪ್ಪುತ್ತಿಲ್ಲ, 27 ಎಂಬುದು 3ಕ್ಕಿಂತ ದೊಡ್ಡದೆಂಬ ತನ್ನದೇ ತರ್ಕದಿಂದ ತಪ್ಪುತ್ತದೆ. ಇಂಥ ತಪ್ಪಿನ ಜಾಡು ಹಿಡಿಯುವುದೇ ಈ ಬಗೆಯ ತಂತ್ರಾಂಶದ ನಿಜವಾದ ಕಸುಬು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37 ಮಾನಕ ವಿಚಲನೆಯಷ್ಟು (ಮಕ್ಕಳ ಅಂಕಗಳ ಹರವನ್ನು ಅಳೆಯುವ ಮಾನ) ಏರಿಕೆ ಕಂಡಿತು. ಆದರೆ ತೊಂಬತ್ತು ನಿಮಿಷದ ಆ ತರಗತಿಯಲ್ಲಿ ಅರ್ಧ ಹೊತ್ತು ಮಾತ್ರ ಕಂಪ್ಯೂಟರಿನದು, ಉಳಿದರ್ಧ ಸಣ್ಣ ಗುಂಪಿಗೆ ಪಾಠ ಹೇಳುವ ಸಹಾಯಕರದು ಎಂಬುದನ್ನು ಇಂಥ ತಂತ್ರಾಂಶಗಳ ಜಾಹೀರಾತುಗಳು ನೆನಪಿಸುವುದಿಲ್ಲ.

ಎಲ್ಲಕ್ಕಿಂತ ನನಗೆ ಹತ್ತಿರವೆನಿಸಿದ್ದು ಆಫ್ರಿಕಾದ ಬೋಟ್ಸ್ವಾನಾದ ಪ್ರಯೋಗ. ಶಾಲೆ ಮುಚ್ಚಿದ್ದಾಗ ಸುಮಾರು 4,500 ಕುಟುಂಬಗಳಲ್ಲಿ ಕೆಲವಕ್ಕೆ ವಾರವಾರ ಎಸ್ಸೆಮ್ಮೆಸ್‌ನಲ್ಲಿ ಲೆಕ್ಕ ಕಳುಹಿಸಿದರು, ಕೆಲವಕ್ಕೆ ಅದರ ಜೊತೆಗೆ ಶಿಕ್ಷಕರು ಫೋನ್ ಮಾಡಿ ಕಾಲು ಗಂಟೆ ಮಾತಾಡಿದರು. ಬರಿಯ ಸಂದೇಶದಿಂದ ಗಮನಾರ್ಹ ಪ್ರಯೋಜನ ಕಾಣಲಿಲ್ಲ. ಮಾತು ಸೇರಿದಲ್ಲಿ ಕಲಿಕೆ ಏರಿತು. ಇದಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ. ಅಂದಹಾಗೆ, ಸಂದೇಶದಲ್ಲೂ ಕನ್ನಡಕ್ಕೆ ಜಾಗ ಕಿರಿದು: 140 ಬೈಟುಗಳ ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿದರೆ, ಯುನಿಕೋಡ್ ಎಂಬ ಲಿಪಿಸಂಕೇತ ಪದ್ಧತಿಯಲ್ಲಿ ಬರೆದ ಕನ್ನಡದ ಸಂಕೇತಗಳು 70 ಮಾತ್ರ. ‘ಲಕ್ಷ್ಮಿ’ ಕಣ್ಣಿಗೆ ಎರಡೇ ಅಕ್ಷರ, ಯಂತ್ರಕ್ಕೆ ಏಳು ಸಂಕೇತ.

ಗಡಿನಾಡಿನಲ್ಲಿ ಈ ಇಕ್ಕಟ್ಟು ಇನ್ನೊಂದು ಸುತ್ತು ಬಿಗಿಯಾಗುತ್ತದೆ. ಬೆಂಗಳೂರಿನಲ್ಲಿ ತಯಾರಾಗುವ ಕನ್ನಡ ಪಾಠಗಳು ಕರ್ನಾಟಕದ ಪಠ್ಯಕ್ರಮವನ್ನು ಅನುಸರಿಸುತ್ತವೆ, ಕೇರಳದ ಪಠ್ಯಕ್ರಮಕ್ಕೆ ಹೊಂದುವವು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಕೇರಳದ ಪುಸ್ತಕವನ್ನು ಕನ್ನಡದಲ್ಲಿ ಓದುವ ನಮ್ಮ ಮಕ್ಕಳು ಮಾರುಕಟ್ಟೆಯ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ನಮ್ಮ ಸಭೆಗಳಲ್ಲಿ ಅಷ್ಟಾಗಿ ಹೇಳದ ಮಾತೊಂದೂ ಇದೆ: ಕನ್ನಡವೂ ಇಲ್ಲಿನ ಎಷ್ಟೋ ಮಕ್ಕಳಿಗೆ ಶಾಲೆಯ ಭಾಷೆಯೇ ಹೊರತು ಮನೆಮಾತಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳ.

ಆ ಮಳೆಗಾಲದಲ್ಲಿ ಹುಡುಗಿಯ ಟೀಚರ್ ವಾರಕ್ಕೊಮ್ಮೆ ಸಂಜೆ ಅವಳ ತಂದೆಯ ಗುಂಡಿಯೊತ್ತುವ ಫೋನಿಗೆ ಕರೆ ಮಾಡತೊಡಗಿದರು. ಭಿನ್ನರಾಶಿಯನ್ನು ಬದಿಗಿಟ್ಟು, ಏಳು ಮಂದಿಗೆ ಎಂಬತ್ತನಾಲ್ಕು ಅಡಿಕೆ ಹಂಚುವುದು ಹೇಗೆಂದು ತುಳುವಿನಲ್ಲಿ ಕೇಳಿದರು. ಅವಳು ಕೊಟ್ಟಿಗೆಯಿಂದ ಅಡಿಕೆ ತಂದು ಜಗಲಿಯ ಮೇಲೆ ಏಳು ರಾಶಿ ಮಾಡಿ, ಎಣಿಸಿ, ‘ಪದ್ರಾಡ್’ ಎಂದು ಕೂಗಿ, ಪುಸ್ತಕದಲ್ಲಿ 12 ಎಂದು ಬರೆದಳು.